ಸರ್ವರ್ ಬಿದ್ದರೆ ಹಳೆ ಫೋನಿನಿಂದ ಮಿಸ್ಡ್ ಕಾಲ್: ನನ್ನ ಅನುಭವ

ಈಗ ನಮ್ಮ ಮನೆಯ ಸರ್ವರ್‌ನಲ್ಲಿ ಏನೇ ಬಿದ್ದರೂ ಮೂರ್ನಾಲ್ಕು ನಿಮಿಷದೊಳಗೆ ನನ್ನ ಜೇಬಿಗೆ ಸುದ್ದಿ ಬರುತ್ತದೆ. ಕರೆಂಟ್ ಹೋಗಿರಲಿ, ಇಂಟರ್ನೆಟ್ ಹೋಗಿರಲಿ, ಎರಡೂ ಒಟ್ಟಿಗೇ ಹೋಗಿರಲಿ, ಬರುತ್ತದೆ. ಒಂದಿಡೀ ಬೇಸಿಗೆ ಹೀಗೇ ನಡೆಯಿತು, ಮಳೆಗಾಲದಲ್ಲೂ ನಡೆಯಿತು. "ಮನೇಲಿ ಸರ್ವರ್ ಇಟ್ಕೊಂಡು ಮಾನಿಟರಿಂಗ್ ಬೇರೆ ಮಾಡ್ತಾನಂತೆ" ಎಂದು ನಕ್ಕವರು ಇದ್ದಾರೆ. ಅದರಲ್ಲಿ ಒಬ್ಬ ಬೆಂಗಳೂರಿನಲ್ಲಿ ಕ್ಲೌಡ್ ಕೆಲಸದಲ್ಲಿರುವ ನನ್ನ ಕ್ಲಾಸ್‌ಮೇಟ್. ಮೊನ್ನೆ ಅವನೇ ಸ್ಕ್ರಿಪ್ಟ್ ಕೇಳಿದ. ಅದಕ್ಕೇ ಬರೆಯೋಣ ಅನ್ನಿಸಿತು. ಡಾಕರ್ ಅಂದರೇನು, ರಿವರ್ಸ್ ಪ್ರಾಕ್ಸಿ ಅಂದರೇನು ಅಂತೆಲ್ಲ ಇಲ್ಲಿ ಹೇಳಲ್ಲ, ಅದು ನಿಮಗೆ ಗೊತ್ತಿರುತ್ತದೆ.

ಏನೇನು ಓಡುತ್ತಿದೆ ಅಂತ ಮೊದಲು ಹೇಳಿಬಿಡುತ್ತೇನೆ. ದಾವಣಗೆರೆ ವಿದ್ಯಾನಗರದ ನಮ್ಮ ಮನೆಯಲ್ಲಿ, ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ ಇದೆ. ಐ5, 16 ಜಿಬಿ ರ‍್ಯಾಮ್, ಹನ್ನೊಂದು ಸಾವಿರದ ಆಸುಪಾಸು ಕೊಟ್ಟ ನೆನಪು. ಮನೆಯವರ ಫೋಟೋಗಳಿಗೆ ಇಮ್ಮಿಚ್, ಫೈಲುಗಳಿಗೆ ನೆಕ್ಸ್ಟ್‌ಕ್ಲೌಡ್, ಪಾಸ್‌ವರ್ಡ್‌ಗಳಿಗೆ ವಾಲ್ಟ್‌ವಾರ್ಡನ್, ಸಿನಿಮಾಗೆ ಜೆಲ್ಲಿಫಿನ್. ಇಷ್ಟೇ ಆಗಿದ್ದರೆ ಬಿದ್ದರೂ ಯಾರೂ ಕೇಳುತ್ತಿರಲಿಲ್ಲ. ಆದರೆ ಮಂಡಿಪೇಟೆಯ ಒಂದು ಹೋಲ್‌ಸೇಲ್ ಅಂಗಡಿಯವರು, ಹರಿಹರ ರಸ್ತೆಯ ಒಂದು ರೈಸ್ ಮಿಲ್‌ನವರು ರಾತ್ರಿ ಹೊತ್ತು ತಮ್ಮ ಲೆಕ್ಕದ ಫೈಲುಗಳನ್ನು ನನ್ನ ಹತ್ತಿರ ಬ್ಯಾಕಪ್ ಕಳಿಸುತ್ತಾರೆ. ಹಗಲು ಬಿಲ್ ಕಾಪಿಗಳನ್ನು ನೆಕ್ಸ್ಟ್‌ಕ್ಲೌಡ್‌ನಲ್ಲೇ ತೆಗೆದು ನೋಡುತ್ತಾರೆ. ತಿಂಗಳಿಗೆ ಇಷ್ಟು ಅಂತ ಕೊಡುತ್ತಾರೆ. ದುಡ್ಡು ಬಂತು ಅಂದಮೇಲೆ "ಅಣ್ಣಾ, ಓಪನ್ ಆಗ್ತಿಲ್ಲ" ಅನ್ನೋ ಫೋನೂ ಬರುತ್ತದೆ. ಅವರು ಫೋನ್ ಮಾಡುವ ಮೊದಲೇ ನನಗೆ ಗೊತ್ತಾಗಬೇಕು, ನನಗೆ ಬೇಕಿದ್ದದ್ದು ಅಷ್ಟೇ.

ಎಲ್ಲರ ಹಾಗೆ ನಾನೂ, ಸರ್ವಿಸ್‌ಗಳು ಬದುಕಿವೆಯಾ ಅಂತ ಆಗಾಗ ಕೇಳಿ ನೋಡುವ ಅಪ್‌ಟೈಮ್ ಕುಮಾದಿಂದ ಶುರು ಮಾಡಿದೆ. ಅದೇ ಮಿನಿ ಪಿಸಿಯಲ್ಲಿ ಒಂದು ಕಂಟೇನರ್ (ಒಂದೊಂದು ಸರ್ವಿಸನ್ನು ಬೇರೆಬೇರೆಯಾಗಿ ಓಡಿಸುವ ಡಬ್ಬ), 3001 ಪೋರ್ಟ್, ಬಾಟ್‌ಫಾದರ್ ಹತ್ತಿರ ಒಂದು ಟೆಲಿಗ್ರಾಂ ಬಾಟ್ ಮಾಡಿಸಿ ಟೋಕನ್ ಹಾಕಿದ್ದಾಯಿತು. ಅರ್ಧ ಗಂಟೆ ಕೆಲಸ. ಕಂಟೇನರ್ ನಿಲ್ಲಿಸಿದರೆ ಮೆಸೇಜ್, ಮತ್ತೆ ಶುರು ಮಾಡಿದರೆ ಇನ್ನೊಂದು ಮೆಸೇಜ್. ನೋಡಲು ಬಹಳ ಚೆಂದ.

ಆದರೆ ನಮ್ಮೂರಲ್ಲಿ ಸರ್ವಿಸ್ ಬೀಳುವುದು ಹೆಚ್ಚಾಗಿ ಕಂಟೇನರ್ ಸತ್ತು ಅಲ್ಲ. ಕರೆಂಟ್ ಹೋಗಿ. ಏಪ್ರಿಲ್, ಮೇ ತಿಂಗಳಲ್ಲಂತೂ ಕೇಳಲೇಬೇಡಿ. ನನ್ನ ಹತ್ತಿರ ಯುಪಿಎಸ್ ಇದೆ, ರೌಟರ್‌ಗೆ ಬೇರೆ ಪುಟ್ಟ 12 ವೋಲ್ಟ್ ಯುಪಿಎಸ್ ಇದೆ. ಆದರೆ ನಮ್ಮ ಬೀದಿಯ ಕಂಬದ ಮೇಲೆ ಇಂಟರ್ನೆಟ್ ಕೊಡುವ ಕೇಬಲ್‌ನವರು ಕೂರಿಸಿರುವ ಡಬ್ಬದೊಳಗಿನ ಸ್ವಿಚ್‌ಗೂ ಕರೆಂಟ್ ಬೇಕಲ್ಲ? ಅದರ ಬ್ಯಾಟರಿ ಹತ್ತು ನಿಮಿಷವೋ ಹದಿನೈದು ನಿಮಿಷವೋ. ಆಮೇಲೆ ನನ್ನ ಸರ್ವರ್ ಚೆನ್ನಾಗಿ ಓಡುತ್ತಾ ಇರುತ್ತದೆ, ಕುಮಾ ಕೂಡ ಓಡುತ್ತಾ ಇರುತ್ತದೆ, ಎಲ್ಲಾ ಹಸಿರು, ಹೊರಗಿನ ಜಗತ್ತಿಗೆ ಮಾತ್ರ ಅದು ಇಲ್ಲ. ಇಂಟರ್ನೆಟ್ ಬಿತ್ತು ಎಂದು ಕುಮಾಗೆ ಗೊತ್ತಾದರೂ ಆ ಸುದ್ದಿ ಟೆಲಿಗ್ರಾಂಗೆ ಹೋಗಬೇಕಾದದ್ದು ಅದೇ ಇಂಟರ್ನೆಟ್ ಮೇಲೆ. ಲೈನ್ ವಾಪಸ್ ಬಂದ ಮೇಲೆ "ಎಲ್ಲಾ ಸರಿಹೋಗಿದೆ" ಅಂತ ಮಾತ್ರ ಒಂದು ರಾಶಿ ಮೆಸೇಜ್ ಬರುತ್ತಿತ್ತು. ಬಿದ್ದದ್ದು ಗೊತ್ತಿಲ್ಲ, ಎದ್ದದ್ದು ಮಾತ್ರ ಗೊತ್ತು.

ಮುಂದಕ್ಕೆ ಹೋಗುವ ಮೊದಲು ಸುಳ್ಳು ಹಸಿರಿನ ಬಗ್ಗೆ ಒಂದು ಮಾತು, ಯಾಕಂದ್ರೆ ಇದರಲ್ಲಿ ತುಂಬಾ ಜನ ಸಿಕ್ಕಿಬೀಳುತ್ತಾರೆ. ನಮ್ಮದು ಸಿಜಿನ್ಯಾಟ್ ಹಿಂದಿನ ಲೈನ್ (ಒಂದೇ ವಿಳಾಸವನ್ನು ಹಲವು ಮನೆಗಳು ಹಂಚಿಕೊಂಡಿರುತ್ತವೆ), ಪಬ್ಲಿಕ್ ಐಪಿ ಇಲ್ಲ, ಹಾಗಾಗಿ ಹೊರಗಿನವರು ಸರ್ವರ್ ತಲುಪುವುದು ಕ್ಲೌಡ್‌ಫ್ಲೇರ್ ಟನಲ್ ಮೂಲಕ. ಅದರ ಮುಂದೆ ಲಾಗಿನ್ ಪುಟ ಹಾಕಿದ್ದರೆ ನಿಮ್ಮ ಮಾನಿಟರ್ ಕೇಳಿದಾಗ ಲಾಗಿನ್ ಪುಟವೇ ಸಿಗುತ್ತದೆ, 200 (ಎಲ್ಲಾ ಸರಿ) ಅಂತ ಉತ್ತರ ಬರುತ್ತದೆ, ಹಿಂದೆ ಸರ್ವಿಸ್ ಸತ್ತು ಮಲಗಿದ್ದರೂ ಮಾನಿಟರ್ ಹಸಿರು. ಈ ಸ್ಟೇಟಸ್ ಕೋಡ್ ನಂಬಬೇಡಿ, ಉತ್ತರದೊಳಗಿನ ಕೀವರ್ಡ್ ನೋಡಿ. ಇಮ್ಮಿಚ್‌ಗೆ ಅದರ ಎಪಿಐನ ಪಿಂಗ್ ವಿಳಾಸ ಇದೆ, "ಪಾಂಗ್" ಅಂತ ಉತ್ತರ ಕೊಡುತ್ತದೆ. ಜೆಲ್ಲಿಫಿನ್‌ಗೆ ಹೆಲ್ತ್ ಅನ್ನೋ ವಿಳಾಸ, ವಾಲ್ಟ್‌ವಾರ್ಡನ್‌ಗೆ ಅಲೈವ್. ನೆಕ್ಸ್ಟ್‌ಕ್ಲೌಡ್‌ನಲ್ಲಿ ಸ್ಟೇಟಸ್ ಡಾಟ್ ಪಿಎಚ್‌ಪಿ ತೆಗೆದರೆ ಮೇಂಟೆನೆನ್ಸ್ ಮೋಡ್ ಹೌದೋ ಅಲ್ಲವೋ ಅಂತ ಹೇಳುತ್ತದೆ, ಅಲ್ಲಿ "ಫಾಲ್ಸ್" ಇದೆಯಾ ಅಂತ ನೋಡಬೇಕು. ಅಪ್‌ಡೇಟ್ ಮಧ್ಯದಲ್ಲಿ ನಿಂತುಹೋದ ನೆಕ್ಸ್ಟ್‌ಕ್ಲೌಡ್ ಈ ಚೆಕ್‌ಗೆ ಸಿಕ್ಕಿಬೀಳುತ್ತದೆ. ಇನ್ನು ಟನಲ್ ಪುಟದ ಎರರ್ ನಂಬರೂ ಉಪಯೋಗಕ್ಕೆ ಬರುತ್ತದೆ. 1033 ಬಂದರೆ ಟನಲ್ಲೇ ಸಂಪರ್ಕದಲ್ಲಿಲ್ಲ, ಅಂದರೆ ಮನೆಯ ಕಡೆ ಕರೆಂಟೋ ಲೈನೋ ಹೋಗಿದೆ. 502 ಬಂದರೆ ಟನಲ್ ಇದೆ, ಹಿಂದಿನ ಸರ್ವಿಸ್ ಉತ್ತರ ಕೊಡುತ್ತಿಲ್ಲ.

ಸರಿ, ಒಳಗಿನ ಕಾವಲು ಸಾಲದು ಅಂತ ಹೊರಗೆ ಹೋದೆ. ತಿಂಗಳಿಗೆ ನಾನೂರು ರೂಪಾಯಿ ಚಿಲ್ಲರೆಯ ಒಂದು ಪುಟ್ಟ ವಿಪಿಎಸ್ (ಬಾಡಿಗೆ ಸರ್ವರ್) ತೆಗೆದುಕೊಂಡು ಕುಮಾವನ್ನು ಅಲ್ಲಿಗೆ ಸಾಗಿಸಿದೆ. ಈಗ ಮನೆ ಲೈನ್ ಹೋದರೆ ಗೊತ್ತಾಗುತ್ತಿತ್ತು. ಗೊತ್ತಾಗುತ್ತಿತ್ತು ಅಂದರೆ, ಹದಿನೈದು ಮಾನಿಟರ್‌ಗಳು ಒಂದೇ ಸಲ ಕೂಗುತ್ತಿದ್ದವು. ಹೋಗಿದ್ದು ಒಂದು ಲೈನ್, ಬಂದಿದ್ದು ಹದಿನೈದು ಮೆಸೇಜ್. ಎರಡು ನಿಮಿಷದಲ್ಲಿ ಲೈನ್ ಬಂತು ಅನ್ನಿ, ಇನ್ನೂ ಹದಿನೈದು. ಮನೆಯಲ್ಲಿ "ಆ ಫೋನಿಗೆ ಏನಾಗಿದೆ ನೋಡ್ರೀ" ಅನ್ನುವ ಮಟ್ಟಕ್ಕೆ ಹೋಯಿತು. ರೀಟ್ರೈ (ಕೂಗುವ ಮೊದಲು ಎಷ್ಟು ಸಲ ಮತ್ತೆ ಕೇಳಿ ನೋಡಬೇಕು ಅನ್ನೋದು) ಮೂರು ಮಾಡಿದೆ, ನಾಲ್ಕು ಮಾಡಿದೆ. ಸದ್ದು ಕಡಿಮೆ ಆಯಿತು, ಆದರೆ ಕಾರಣ ಗೊತ್ತಾಗಲಿಲ್ಲ. ಕರೆಂಟ್ ಹೋಗಿದೆಯಾ, ಲೈನ್ ಹೋಗಿದೆಯಾ, ಸರ್ವರ್ ಸತ್ತಿದೆಯಾ? ಹೊರಗಿನಿಂದ ನೋಡಿದರೆ ಮೂರೂ ಒಂದೇ ತರ ಕಾಣುತ್ತವೆ. ಕರೆಂಟ್ ಹೋಗಿದ್ದರೆ ನಾನು ಮಾಡುವುದೇನೂ ಇಲ್ಲ, ಸರ್ವರ್ ಸತ್ತಿದ್ದರೆ ಊಟ ಬಿಟ್ಟು ಏಳಬೇಕು. ಈ ಎರಡನ್ನು ಬೇರೆ ಮಾಡಿ ಹೇಳದ ಅಲರ್ಟ್ ಇದ್ದರೆಷ್ಟು ಬಿಟ್ಟರೆಷ್ಟು.

ರಾತ್ರಿ ಇನ್ನೊಂದು ಸಮಸ್ಯೆ. ಟೆಲಿಗ್ರಾಂ "ಟಿಣ್" ಅಂದರೆ ನನಗೆ ಎಚ್ಚರ ಆಗಲ್ಲ. ಫೋನಿಗೆ ನೋಟಿಫಿಕೇಶನ್ ಕಳಿಸುವ ಎನ್‌ಟಿಎಫ್‌ವೈ ಹಾಕಿ ನೋಡಿದೆ. ಅದರಲ್ಲಿ ಪ್ರಯಾರಿಟಿ 1ರಿಂದ 5ರವರೆಗೆ ಕೊಡಬಹುದು, 5 ಕೊಟ್ಟರೆ ಚೆನ್ನಾಗಿ ಕಿರುಚುತ್ತದೆ. ನಮ್ಮದೇ ಸರ್ವರ್‌ನಲ್ಲಿ ಎನ್‌ಟಿಎಫ್‌ವೈ ಓಡಿಸಿದರೆ ಆಂಡ್ರಾಯ್ಡ್ ಆಪ್ ಸದಾ ಸಂಪರ್ಕ ಹಿಡಿದುಕೊಂಡು ಕೂರಬೇಕು. ನನ್ನ ಫೋನಿನ ಬ್ಯಾಟರಿ ಉಳಿಸುವ ವ್ಯವಸ್ಥೆ ಇಂಥವನ್ನು ರಾತ್ರಿ ಹೊತ್ತು ಹುಡುಕಿ ಕೊಲ್ಲುತ್ತದೆ. ಆಪ್ಟಿಮೈಸೇಶನ್ ಆಫ್ ಮಾಡಿದೆ, ಆಟೋಸ್ಟಾರ್ಟ್ ಆನ್ ಮಾಡಿದೆ, ರೀಸೆಂಟ್ಸ್‌ನಲ್ಲಿ ಬೀಗ ಹಾಕಿದೆ. ಒಂದು ವಾರ ಸರಿ ಇರುತ್ತದೆ, ಫೋನ್ ಅಪ್‌ಡೇಟ್ ಆದ ಮೇಲೆ ಮತ್ತೆ ಮೊದಲಿನ ಹಾಗೆ. ಎನ್‌ಟಿಎಫ್‌ವೈ ಒಳ್ಳೆಯ ಸಾಮಾನೇ, ಹಗಲು ಈಗಲೂ ಬಳಸುತ್ತೇನೆ. ರಾತ್ರಿಗೆ ನಂಬಿಕೊಳ್ಳಲು ಆಗಲ್ಲ.

ಹಾಗಾದರೆ ಎಸ್ಸೆಮ್ಮೆಸ್ ಅಲ್ವಾ? ಗೇಟ್‌ವೇ ಕಂಪನಿಗಳನ್ನು ಕೇಳಿದೆ. ಟೆಲಿಕಾಂ ನಿಯಂತ್ರಕ ಟ್ರಾಯ್‌ನ 2018ರ ನಿಯಮದ ಪ್ರಕಾರ ಡಿಎಲ್‌ಟಿ ಅನ್ನೋ ದಾಖಲೆ ವ್ಯವಸ್ಥೆಯಲ್ಲಿ ನೋಂದಣಿ ಮಾಡಿಸಬೇಕು, ಹೆಡರ್ (ಕಳಿಸುವವರ ಹೆಸರು) ಪಾಸ್ ಆಗಬೇಕು, ಪ್ರತಿ ಮೆಸೇಜಿನ ಟೆಂಪ್ಲೇಟ್ ಪಾಸ್ ಆಗಬೇಕು. ನೋಂದಣಿಗೇ ಐದಾರು ಸಾವಿರ ಅಂದರು. ಮೆಟ್ಟಿಲ ಕೆಳಗಿನ ಒಂದು ಡಬ್ಬಕ್ಕೆ ಇಷ್ಟೆಲ್ಲ ಯಾರು ಮಾಡ್ತಾರೆ? "ವಾಟ್ಸಾಪ್‌ಗೇ ಬರೋ ಹಾಗೆ ಮಾಡು" ಅಂತ ಮಿಲ್‌ನವರು ಹೇಳಿದರು. ಅಧಿಕೃತ ದಾರಿಯಲ್ಲಿ ಹೋದರೆ ಅಲ್ಲೂ ಬಿಸಿನೆಸ್ ಖಾತೆ, ಅಲ್ಲೂ ಟೆಂಪ್ಲೇಟ್. ಅನಧಿಕೃತ ಲೈಬ್ರರಿ ಬಳಸಿದರೆ ನಂಬರೇ ಬ್ಲಾಕ್ ಆಗುವ ಅಪಾಯ. ಆ ಕಡೆ ತಲೆ ಹಾಕಲಿಲ್ಲ.

ಆಮೇಲೆ ಡಾಂಗಲ್ ಕಾಲ. ಹಳೆ 3ಜಿ ಯುಎಸ್‌ಬಿ ಡಾಂಗಲ್ ಒಂದನ್ನು ಮುನ್ನೂರು ಚಿಲ್ಲರೆಗೆ ತಂದೆ. ಇದಕ್ಕೆ ಜಿಯೋ ಸಿಮ್ ಹಾಕಿ ಉಪಯೋಗ ಇಲ್ಲ, ಅಲ್ಲಿ 2ಜಿ, 3ಜಿ ಎರಡೂ ಇಲ್ಲ. 2ಜಿ ಇನ್ನೂ ಇರುವ ಕಂಪನಿಯ ಸಿಮ್ ಬೇಕು. ಗಮ್ಮು ಅನ್ನೋ ಸಾಫ್ಟ್‌ವೇರ್ ಹಾಕಿ ಎಸ್ಸೆಮ್ಮೆಸ್ ಹೋಗುವ ಹಾಗೆ ಮಾಡಿದೆ. ಎಸ್ಸೆಮ್ಮೆಸ್‌ಗಿಂತ ಮಿಸ್ಡ್ ಕಾಲ್ ವಾಸಿ ಅನ್ನುವುದು ಆಗಲೇ ಹೊಳೆದದ್ದು. ರಾತ್ರಿ ಎಚ್ಚರ ಮಾಡಿಸಲು ರಿಂಗ್‌ಗಿಂತ ಒಳ್ಳೆಯದು ಬೇರೆ ಇಲ್ಲ, ಎತ್ತದಿದ್ದರೆ ಖರ್ಚೂ ಇಲ್ಲ. ಮೋಡೆಮ್‌ಗೆ ಎಟಿಡಿ ಕಮಾಂಡ್ ಕೊಟ್ಟು ನಂಬರ್ ಬರೆದರೆ ಕಾಲ್ ಹೋಗಬೇಕು. ಹೋಗುತ್ತಿರಲಿಲ್ಲ. ಒಂದು ಸಂಜೆ ಪೂರ್ತಿ ಇದರಲ್ಲೇ ಹೋಯಿತು. ನಂಬರಿನ ಕೊನೆಗೆ ಒಂದು ಸೆಮಿಕೋಲನ್ ಬೇಕು, ಅದಿಲ್ಲದಿದ್ದರೆ ಮೋಡೆಮ್ ಅದನ್ನು ಡೇಟಾ ಕಾಲ್ ಅಂದುಕೊಳ್ಳುತ್ತದೆ. ಹಾಕಿದ ತಕ್ಷಣ ಟೇಬಲ್ ಮೇಲಿದ್ದ ನನ್ನ ಫೋನ್ ರಿಂಗ್ ಆಯಿತು. ಆ ಖುಷಿಯೇ ಬೇರೆ ಬಿಡಿ.

ಆದರೆ ಡಾಂಗಲ್ ಚುಚ್ಚಿದ್ದು ಎಲ್ಲಿಗೆ? ಅದೇ ಮಿನಿ ಪಿಸಿಗೆ. ಸರ್ವರ್ ಹ್ಯಾಂಗ್ ಆದರೆ ಡಾಂಗಲ್‌ಗೆ ಹೇಳುವವರು ಯಾರು? ಯುಪಿಎಸ್ ಖಾಲಿಯಾದರೆ ಅದೂ ಖಾಲಿ. ಅದರ ಮೇಲೆ ರೀಬೂಟ್ ಆದಾಗಲೆಲ್ಲ ಪೋರ್ಟ್ ಹೆಸರು ಬದಲಾಗುವ ಕಾಟ. ಅದಕ್ಕೆ ಬೈ-ಐಡಿ (ಬದಲಾಗದ ಹೆಸರು) ದಾರಿ ಇದೆ, ಸರಿ. ಮೂಲ ತೊಂದರೆಗೆ ಮಾತ್ರ ದಾರಿ ಇರಲಿಲ್ಲ. ಕಾವಲು ಕಾಯುವುದಕ್ಕೆ ತನ್ನದೇ ಬ್ಯಾಟರಿ ಇರಬೇಕು, ತನ್ನದೇ ಸಿಮ್ ಇರಬೇಕು, ಸರ್ವರ್ ಜೊತೆ ಒಂದು ವೈರೂ ಹಂಚಿಕೊಂಡಿರಬಾರದು. ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್, ಅದಕ್ಕೊಂದು ಬ್ಯಾಟರಿ ಹ್ಯಾಟ್ (ಮೇಲೆ ಕೂರಿಸುವ ಬೋರ್ಡ್), ಅದಕ್ಕೊಂದು 4ಜಿ ಮಾಡ್ಯೂಲ್ ಅಂತ ಲೆಕ್ಕ ಹಾಕಿದೆ. ಹತ್ತು ಸಾವಿರದ ಹತ್ತಿರ ಹೋಯಿತು. ಮಾನಿಟರ್‌ಗೆ ಸರ್ವರ್‌ನಷ್ಟೇ ದುಡ್ಡು ಹಾಕಲು ಮನಸ್ಸು ಬರಲಿಲ್ಲ.

ಬ್ಯಾಟರಿ, ಸಿಮ್, ವೈಫೈ, ಲಿನಕ್ಸ್ ಕರ್ನಲ್ ನಾಲ್ಕೂ ಇರುವ ಒಂದು ವಸ್ತು ನಮ್ಮ ಬೀರುವಿನಲ್ಲೇ ಬಿದ್ದಿತ್ತು. ಗಾಜು ಒಡೆದ ಹಳೆ ಫೋನ್.

ಆಂಡ್ರಾಯ್ಡ್ ಮೇಲೆ ಲಿನಕ್ಸ್ ಕಮಾಂಡ್ ಓಡಿಸುವ ಆಪ್ ಟರ್ಮಕ್ಸ್ ಹಾಕಿದೆ. ಜೊತೆಗೆ ಟರ್ಮಕ್ಸ್ ಎಪಿಐ, ಟರ್ಮಕ್ಸ್ ಬೂಟ್. ಮೂರನ್ನೂ ಎಫ್-ಡ್ರಾಯ್ಡ್ ಅನ್ನೋ ಆಪ್ ಸ್ಟೋರ್‌ನಿಂದಲೇ ಹಾಕಿ, ಒಂದನ್ನು ಅಲ್ಲಿಂದ ಇನ್ನೊಂದನ್ನು ಇಲ್ಲಿಂದ ಹಾಕಿದರೆ ಸಹಿ ಹೊಂದಲ್ಲ, ಒಂದಕ್ಕೊಂದು ಮಾತಾಡಲ್ಲ. ಇದರಲ್ಲಿ ಎಸ್ಸೆಮ್ಮೆಸ್ ಕಳಿಸಲು ಒಂದು ಕಮಾಂಡ್, ಕಾಲ್ ಮಾಡಲು ಒಂದು ಕಮಾಂಡ್, ಬ್ಯಾಟರಿ ಸ್ಥಿತಿ ಕೇಳಲು ಒಂದು ಕಮಾಂಡ್ ಇವೆ. ಬ್ಯಾಟರಿ ಸ್ಥಿತಿಯಲ್ಲಿ "ಅನ್‌ಪ್ಲಗ್ಡ್" ಅಂತ ಬಂದರೆ ಗೋಡೆಯಲ್ಲಿ ಕರೆಂಟ್ ಇಲ್ಲ ಅಂತ ಅರ್ಥ. ಚಾರ್ಜರನ್ನು ಯುಪಿಎಸ್‌ಗೆ ಹಾಕದೆ ಸೀದಾ ಗೋಡೆಯ ಪ್ಲಗ್‌ಗೆ ಹಾಕಿದರೆ ಸಾಕು, ಕರೆಂಟ್ ಹೋಯಿತೋ ಲೈನ್ ಹೋಯಿತೋ ಅನ್ನುವ ನನ್ನ ತಲೆನೋವು ಅಲ್ಲಿಗೇ ಮುಗಿಯಿತು.

ಇಲ್ಲಿ ಒಂದು ತಮಾಷೆ. ಫೋನ್ ಹಳೆಯದಾದಷ್ಟೂ ಒಳ್ಳೆಯದು. ಆಂಡ್ರಾಯ್ಡ್ 12ರಿಂದ ಮರಿ ಪ್ರೋಸೆಸ್‌ಗಳನ್ನು ಎಣಿಸಿ ಕೊಲ್ಲುವ ಪದ್ಧತಿ ಬಂದಿದೆ, 32ರ ಮಿತಿ. ಆಂಡ್ರಾಯ್ಡ್ 10ರಿಂದ ಹಿಂದೆ ಓಡುವ ಆಪ್ ತಾನಾಗಿ ಪರದೆ ತೆರೆಯಲು ಅಡ್ಡಿ ಇದೆ. ಕಾಲ್ ಮಾಡಲು ಪರದೆ ತೆರೆಯಲೇಬೇಕು, ಹಾಗಾಗಿ ಬೇರೆ ಆಪ್‌ಗಳ ಮೇಲೆ ಕಾಣಿಸುವ ಅನುಮತಿ ಕೊಟ್ಟು ಒದ್ದಾಡಬೇಕು. ನನ್ನದು ಆಂಡ್ರಾಯ್ಡ್ 9. ಯಾವ ರಗಳೆಯೂ ಇಲ್ಲ. ಫೋನ್ ಮಲಗದಂತೆ ವೇಕ್‌ಲಾಕ್ ಹಾಕಿ, ತಿರುಗಿ ತಿರುಗಿ ಓಡುವ ಒಂದು ವೈಲ್ ಲೂಪ್, ಒಳಗೆ ಅರವತ್ತು ಸೆಕೆಂಡ್ ಸ್ಲೀಪ್. ಅಷ್ಟೇ.

ಮೊದಲನೇ ಫೋನ್ ಕೆಲವು ತಿಂಗಳು ಬಂತು. ಆಮೇಲೆ ಒಂದು ದಿನ ಗೂಡು ತೆಗೆದು ನೋಡಿದರೆ ಹಿಂದಿನ ಮುಚ್ಚಳ ಎದ್ದು ನಿಂತಿದೆ. ಬ್ಯಾಟರಿ ಊದಿಕೊಂಡಿತ್ತು. ಇಪ್ಪತ್ನಾಲ್ಕು ಗಂಟೆ ಚಾರ್ಜ್‌ನಲ್ಲಿ, ಅದೂ ದಾವಣಗೆರೆಯ ಬೇಸಿಗೆಯಲ್ಲಿ ಗಾಳಿಯಾಡದ ಗೂಡಿನೊಳಗೆ ಇಟ್ಟರೆ ಯಾವ ಬ್ಯಾಟರಿಯೂ ಊದುತ್ತದೆ. ಇದನ್ನು ಹಗುರವಾಗಿ ತಗೋಬೇಡಿ, ಬೆಂಕಿ ಹತ್ತುವ ವಿಷಯ. ಎರಡನೇ ಫೋನಿಗೆ ಟೈಮರ್ ಸಾಕೆಟ್ ಹಾಕಿದೆ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಮಾತ್ರ ಚಾರ್ಜ್. ಜಾಗವನ್ನೂ ಬದಲಿಸಿದೆ, ಈಗ ಅದು ಹಾಲ್‌ನ ಶೋಕೇಸ್ ಮೇಲೆ, ಪಕ್ಕದಲ್ಲಿ ಬಟ್ಟೆ ಕಾಗದ ಯಾವುದೂ ಇಲ್ಲ.

ಟೈಮರ್ ಹಾಕಿದ ಮೇಲೆ ಹೊಸ ತೊಂದರೆ: ಟೈಮರ್ ಆಫ್ ಆದಾಗಲೆಲ್ಲ "ಕರೆಂಟ್ ಹೋಯಿತು" ಅನ್ನುತ್ತಿತ್ತು. ಅದಕ್ಕೆ ಒಂದು ನೋಡ್‌ಎಂಸಿಯು (ವೈಫೈ ಇರುವ ಪುಟ್ಟ ಬೋರ್ಡ್) ತಂದೆ, ಇನ್ನೂರೈವತ್ತು ರೂಪಾಯಿ ಇರಬೇಕು. ಅದರಲ್ಲಿ ಇಎಸ್‌ಪಿಹೋಮ್ ಅನ್ನೋ ಸಾಫ್ಟ್‌ವೇರ್ ಹಾಕಿ, ಡ್ರಾಯರ್‌ನಲ್ಲಿದ್ದ ಯಾವುದೋ ಚಾರ್ಜರ್‌ನಿಂದ ಗೋಡೆಯ ಪ್ಲಗ್‌ಗೆ ಚುಚ್ಚಿದೆ. ಅದರ ಕೆಲಸ ಬದುಕಿರುವುದು, ಅಷ್ಟೇ. ಫೋನ್ ಅದನ್ನು ಪಿಂಗ್ ಮಾಡುತ್ತಿರುತ್ತದೆ, ಅಂದರೆ "ಇದ್ದೀಯಾ?" ಅಂತ ಕೇಳುತ್ತಿರುತ್ತದೆ. ಅದು ಸತತವಾಗಿ ಉತ್ತರ ಕೊಡದೆ, ರೌಟರ್ ಮಾತ್ರ ಉತ್ತರ ಕೊಟ್ಟರೆ ಕರೆಂಟ್ ಇಲ್ಲ ಅಂತ ಲೆಕ್ಕ. ರೌಟರ್ ಪುಟ್ಟ ಯುಪಿಎಸ್ ಮೇಲೆ ಇರುವುದರಿಂದ ಈ ಲೆಕ್ಕ ತಪ್ಪುವುದಿಲ್ಲ. ಎಷ್ಟು ಪಿಂಗ್ ತಪ್ಪಿದರೆ ನಂಬಬೇಕು, ರೌಟರ್ ತಾನೇ ಹ್ಯಾಂಗ್ ಆಗಿದ್ದರೆ ಹೇಗೆ ಗುರುತಿಸಬೇಕು ಅನ್ನುವುದಕ್ಕೆ ನನ್ನದೇ ಒಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯಲ್ಲ. ಕಷ್ಟಪಟ್ಟು ಕಂಡುಕೊಂಡದ್ದು, ನೀವೂ ಸ್ವಲ್ಪ ಕಷ್ಟಪಡಿ.

ಒಟ್ಟು ವ್ಯವಸ್ಥೆ ಈಗ ಹೀಗಿದೆ. ಕರೆಂಟ್ ಹೋದರೆ ಒಂದೇ ಒಂದು ಎಸ್ಸೆಮ್ಮೆಸ್, ಕಾಲ್ ಇಲ್ಲ. ಕರೆಂಟ್ ಇದ್ದು ಲೈನ್ ಹೋದರೆ ಇನ್ನೊಂದು ಬಗೆಯ ಎಸ್ಸೆಮ್ಮೆಸ್, ಅದನ್ನು ನೋಡಿ ಕೇಬಲ್‌ನವರಿಗೆ ಫೋನ್ ಮಾಡುತ್ತೇನೆ. ಕರೆಂಟೂ ಇದೆ, ಲೈನೂ ಇದೆ, ಸರ್ವರ್ ಮಾತ್ರ ಉತ್ತರ ಕೊಡುತ್ತಿಲ್ಲ ಅಂದರೆ ಆಗ ಕಾಲ್. ಅಂದರೆ ನಾನು ಏನಾದರೂ ಮಾಡಲು ಸಾಧ್ಯ ಇದ್ದಾಗ ಮಾತ್ರ ಫೋನ್ ರಿಂಗ್ ಆಗುತ್ತದೆ. ಮಿಸ್ಡ್ ಕಾಲ್ ಕಟ್ ಮಾಡುವ ಕಮಾಂಡ್ ಟರ್ಮಕ್ಸ್‌ನಲ್ಲಿ ಇಲ್ಲ, ಅದರ ಅಗತ್ಯವೂ ಬೀಳಲಿಲ್ಲ. 2019ರಲ್ಲಿ ಟ್ರಾಯ್ ಮೊಬೈಲ್ ರಿಂಗ್ ಸಮಯವನ್ನು 30 ಸೆಕೆಂಡ್ ಮಾಡಿದೆ, ಎತ್ತದಿದ್ದರೆ ತಾನಾಗಿ ನಿಲ್ಲುತ್ತದೆ. ರಾತ್ರಿ ನನ್ನ ಫೋನ್ ಡು ನಾಟ್ ಡಿಸ್ಟರ್ಬ್‌ನಲ್ಲಿರುತ್ತದೆ. ಆ ನಂಬರನ್ನು ಸ್ಟಾರ್ ಮಾಡಿಟ್ಟರೆ ಅದು ದಾಟಿ ಬರುತ್ತದೆ. ಅದನ್ನೂ ನಂಬದವರು ಎರಡು ಸಲ ಕಾಲ್ ಮಾಡಿಸಿ, 15 ನಿಮಿಷದೊಳಗೆ ಅದೇ ನಂಬರಿನಿಂದ ಎರಡನೇ ಕಾಲ್ ಬಂದರೆ ಬಿಡುವ ಸೆಟ್ಟಿಂಗ್ ಆಂಡ್ರಾಯ್ಡ್‌ನಲ್ಲಿದೆ. ನಾನು ಎರಡನ್ನೂ ಮಾಡಿದ್ದೇನೆ.

ಕಂಟೇನರ್ ಮಟ್ಟದ ಸಣ್ಣ ಪುಟ್ಟದ್ದಕ್ಕೆ ಮನೆಯ ಕುಮಾನೇ ಸಾಕು, ಅದನ್ನು ವಾಪಸ್ ಮಿನಿ ಪಿಸಿಗೇ ತಂದೆ. ಅದರ ಅಲರ್ಟ್‌ಗಳು ಸೀದಾ ನನಗೆ ಬರಲ್ಲ, ಒಂದು ವೆಬ್‌ಹುಕ್‌ಗೆ (ಸುದ್ದಿ ಸ್ವೀಕರಿಸುವ ವಿಳಾಸಕ್ಕೆ) ಹೋಗುತ್ತವೆ, ಅಲ್ಲಿ ಒಂದೂವರೆ ನಿಮಿಷ ಕಾದು ಬಂದದ್ದನ್ನೆಲ್ಲ ಒಂದೇ ಮೆಸೇಜ್ ಮಾಡಿ ಟೆಲಿಗ್ರಾಂಗೆ ಹಾಕುತ್ತೇನೆ. ರಾತ್ರಿ ಬ್ಯಾಕಪ್‌ಗಳು ಮುಗಿದ ಮೇಲೆ ತಾವೇ ಬಂದು ಕುಮಾದ ಪುಶ್ ಮಾನಿಟರ್ ಮುಟ್ಟಿ ಹೋಗಬೇಕು, ಮುಟ್ಟದಿದ್ದರೆ ಕೆಂಪು. ವಿಪಿಎಸ್ ಬಿಟ್ಟುಬಿಟ್ಟೆ. ಅದರ ಬದಲು ಹೊರಗೆ ಹೆಲ್ತ್‌ಚೆಕ್ಸ್ ಡಾಟ್ ಐಓ, 20 ಚೆಕ್‌ವರೆಗೆ ಉಚಿತ. ಕಾವಲು ಫೋನ್ ಐದು ನಿಮಿಷಕ್ಕೊಮ್ಮೆ ಅದಕ್ಕೆ "ಇದ್ದೇನೆ" ಅನ್ನುತ್ತದೆ. ಕಾಲು ಗಂಟೆ ಸದ್ದಿಲ್ಲದಿದ್ದರೆ ಅದು ನನಗೆ ಹೇಳುತ್ತದೆ. ಕಾವಲು ಕಾಯುವವನನ್ನೂ ಯಾರಾದರೂ ನೋಡಬೇಕಲ್ಲ.

ಎಸ್ಸೆಮ್ಮೆಸ್ ವಿಷಯದಲ್ಲಿ ಎರಡು ಪೆಟ್ಟು ತಿಂದಿದ್ದೇನೆ, ಅದನ್ನು ಹೇಳಲೇಬೇಕು. ಒಂದು, ಆಂಡ್ರಾಯ್ಡ್‌ನಲ್ಲಿ ಒಂದು ಆಪ್ ಸ್ವಲ್ಪ ಹೊತ್ತಿನಲ್ಲೇ ತುಂಬಾ ಎಸ್ಸೆಮ್ಮೆಸ್ ಕಳಿಸಹೊರಟರೆ "ಕಳಿಸಲಾ?" ಅಂತ ಪರದೆ ಮೇಲೆ ಕೇಳಿ ಕಾಯುತ್ತದೆ. ಆಗ ಗೂಡಿನೊಳಗೆ ಕತ್ತಲಲ್ಲಿದ್ದ ಫೋನಿಗೆ ಯಾರು ಹೌದು ಅನ್ನಬೇಕು? ಒಂದು ಸಂಜೆ ಲೈನ್ ಹೋಗಿ ಬಂದು ಹೋಗಿ ಬಂದು ಆಟವಾಡಿತು, ಮೆಸೇಜುಗಳು ಒಂದು ಹಂತದಲ್ಲಿ ನಿಂತೇ ಹೋದವು. ಎಲ್ಲಾ ಸರಿಹೋಯಿತು ಅಂತ ನಾನು ಅಶೋಕ ರಸ್ತೆಯಲ್ಲಿ ಮಂಡಕ್ಕಿ ಮಿರ್ಚಿ ತಿನ್ನುತ್ತಾ ನಿಂತಿದ್ದೆ. ಈಗ ಸ್ಕ್ರಿಪ್ಟಿನಲ್ಲೇ ಗಂಟೆಗೆ ಆರು ಅಂತ ಕಟ್ಟು ಹಾಕಿದ್ದೇನೆ.

ಎರಡು, ಕನ್ನಡ. ಅಲರ್ಟ್ ಕನ್ನಡದಲ್ಲೇ ಬರಲಿ ಅಂತ ನನಗೆ ಹಟ, ಅಂಗಡಿಯವರಿಗೂ ಒಂದು ಪ್ರತಿ ಹೋಗುತ್ತದೆ. ಇಂಗ್ಲಿಷ್ ಎಸ್ಸೆಮ್ಮೆಸ್‌ನಲ್ಲಿ 160 ಅಕ್ಷರ ಹಿಡಿಸುತ್ತವೆ, ಕನ್ನಡದಲ್ಲಿ 70 ಮಾತ್ರ. ಅದರಲ್ಲೂ ಕೊಂಬು, ಏತ್ವ, ಸೊನ್ನೆ, ಅರ್ಧಾಕ್ಷರದ ಗುರುತು ಎಲ್ಲವೂ ಒಂದೊಂದು ಅಂತ ಎಣಿಕೆ. "ಕರೆಂಟ್" ಒಂದಕ್ಕೇ ಆರು. ನನ್ನ ಮೊದಲಿನ ಮೆಸೇಜು "ಗ್ರಾಹಕರ ಗಮನಕ್ಕೆ" ಅಂತ ಶುರುವಾಗಿ ಮೂರು ಎಸ್ಸೆಮ್ಮೆಸ್ ತಿನ್ನುತ್ತಿತ್ತು. ಈಗ "ಕರೆಂಟ್ ಇಲ್ಲ 2:10. ಯುಪಿಎಸ್ ಮೇಲೆ ಇದೆ." ಇಷ್ಟೇ. ಮಿಲ್‌ನವರು ಇದೇ ವಾಸಿ ಅಂದರು, ಉದ್ದದ್ದನ್ನು ಅವರು ಓದುತ್ತಲೇ ಇರಲಿಲ್ಲವಂತೆ.

ಇದರ ಜೊತೆ ಒಂದು ಬೋನಸ್ ಸಿಕ್ಕಿತು. ನನ್ನ ಯುಪಿಎಸ್ ಅಗ್ಗದ್ದು, ಯುಎಸ್‌ಬಿ ಪೋರ್ಟ್ ಇಲ್ಲ, ಹಾಗಾಗಿ ಯುಪಿಎಸ್ ಸ್ಥಿತಿ ಓದುವ ನಟ್ ಸಾಫ್ಟ್‌ವೇರ್ ಹಾಕಲು ಬರಲ್ಲ. ಆದರೆ ಕರೆಂಟ್ ಹೋಗಿದ್ದು ಫೋನಿಗೆ ಗೊತ್ತು. ಹದಿನೈದು ನಿಮಿಷದ ಮೇಲೆ ಕರೆಂಟ್ ಬರದಿದ್ದರೆ ಫೋನೇ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್) ಮೂಲಕ ಸರ್ವರ್‌ಗೆ ಹೋಗಿ ನೀಟಾಗಿ ಶಟ್‌ಡೌನ್ ಮಾಡುತ್ತದೆ. ಇಲ್ಲಿ ಬಯೋಸ್‌ನ "ಕರೆಂಟ್ ಬಂದರೆ ಆನ್ ಆಗು" ಸೆಟ್ಟಿಂಗ್ ಒಂದನ್ನೇ ನಂಬಿದರೆ ಕೆಡುತ್ತೀರಿ. ಸರ್ವರ್ ಆಫ್ ಆಗಿ, ಯುಪಿಎಸ್ ಪೂರ್ತಿ ಖಾಲಿ ಆಗುವ ಮೊದಲೇ ಕರೆಂಟ್ ಬಂದರೆ, ಮಿನಿ ಪಿಸಿಯ ಲೆಕ್ಕದಲ್ಲಿ ಕರೆಂಟ್ ಹೋಗಿಯೇ ಇಲ್ಲ, ಅದು ಆಫ್ ಆಗಿಯೇ ಕೂರುತ್ತದೆ. ಕರೆಂಟ್ ಬಂದು ಐದು ನಿಮಿಷ ಆದ ಮೇಲೆ ಫೋನ್ ಒಂದು ವೇಕ್-ಆನ್-ಲ್ಯಾನ್ ಪ್ಯಾಕೆಟ್ (ಆಫ್ ಆದ ಪಿಸಿಯನ್ನು ಎಬ್ಬಿಸುವ ಸಂಕೇತ) ಬಿಡುತ್ತದೆ, ಪೈಥಾನ್‌ನಲ್ಲಿ ನಾಲ್ಕೈದು ಸಾಲು. ಸಾವಿರಾರು ರೂಪಾಯಿಯ ಸ್ಮಾರ್ಟ್ ಯುಪಿಎಸ್ ಮಾಡುವ ಕೆಲಸ ಇದು. ನನ್ನದು ಒಡೆದ ಗಾಜಿನ ಫೋನ್ ಮಾಡುತ್ತಿದೆ.

ಈ ಮಧ್ಯೆ ಸುಮ್ನೆ ಮಾಡಿ ನೋಡಿದವೂ ಇವೆ. ಫೋನಿಗೆ ಬ್ಲೂಟೂತ್ ಸ್ಪೀಕರ್ ಜೋಡಿಸಿ, ಟಿಟಿಎಸ್ ಕಮಾಂಡ್‌ನಿಂದ "ಕರೆಂಟ್ ಹೋಗಿದೆ" ಅಂತ ಕನ್ನಡದಲ್ಲಿ ಹೇಳಿಸಿದೆ. "ಫ್ಯಾನ್ ನಿಂತ್ರೆ ನಮಗೆ ಗೊತ್ತಾಗಲ್ವಾ?" ಅಂದರು ಅಮ್ಮ. ತೆಗೆದುಬಿಟ್ಟೆ. ನೋಡ್‌ಎಂಸಿಯುಗೆ ಒಂದು ಡಿಎಚ್‌ಟಿ22 ಸೆನ್ಸರ್ ಹಾಕಿ ಗೂಡಿನ ಬಿಸಿ ನೋಡಿದೆ. ಮೇ ತಿಂಗಳ ಮಧ್ಯಾಹ್ನ 44, 45 ತೋರಿಸುತ್ತಿತ್ತು. ಗೂಡಿನ ಬಾಗಿಲಿಗೆ ಜಾಲರಿ ಹಾಕಿಸಿ ಒಂದು ಪುಟ್ಟ ಫ್ಯಾನ್ ಇಟ್ಟ ಮೇಲೆ ಐದಾರು ಡಿಗ್ರಿ ಇಳಿಯಿತು. ಇದು ಉಳಿದುಕೊಂಡಿದೆ. ಎಸ್ಸೆಮ್ಮೆಸ್ ಕಳಿಸಿದರೆ ರಿಲೇ ಮೂಲಕ ಸರ್ವರ್‌ನ ಕರೆಂಟನ್ನೇ ಕಟ್ ಮಾಡಿ ಕೊಡುವ ವ್ಯವಸ್ಥೆಯನ್ನೂ ಮಾಡಿದ್ದೆ, ಆದರೆ ಡೇಟಾಬೇಸ್ ಬರೆಯುವ ಹೊತ್ತಲ್ಲಿ ಕರೆಂಟ್ ಕಟ್ ಮಾಡುವುದು ಯಾಕೋ ಸರಿ ಕಾಣಲಿಲ್ಲ. ಈಗ ಆ ರಿಲೇ ರೌಟರ್‌ಗೆ ಮಾತ್ರ ಇದೆ. ಇನ್ನೊಂದು, ರಿಂಗ್ ಬಂದಾಗ ನಾನು ತಿರುಗಿ ಆ ನಂಬರ್‌ಗೆ ಮಿಸ್ಡ್ ಕಾಲ್ ಕೊಟ್ಟರೆ "ನೋಡಿದೆ, ಸುಮ್ಮನಿರು" ಅಂತ ಅರ್ಥ, ಒಂದು ಗಂಟೆ ಮತ್ತೆ ಕೂಗಲ್ಲ. ಕ್ಲಾಸ್‌ಮೇಟ್ ಕೇಳಿದ್ದು ಇದೇ ಸ್ಕ್ರಿಪ್ಟ್. ಕಾಲ್ ಲಾಗ್ ಓದಿ ಮಾಡಿದ್ದು ಅಂತ ಹೇಳಿದ್ದೇನೆ, ಸಾಲುಗಳನ್ನು ಕೊಟ್ಟಿಲ್ಲ.

ಪರೀಕ್ಷೆ ಆದದ್ದು ಚಿತ್ರದುರ್ಗದಲ್ಲಿ. ಮದುವೆಗೆ ಹೋಗಿದ್ದೆ, ಮನೆಯಿಂದ ಅರವತ್ತು ಕಿಲೋಮೀಟರ್. ಊಟದ ಎಲೆ ಮುಂದೆ ಕೂತಿದ್ದಾಗ ರಿಂಗ್ ಬಂತು, ನಿಂತಿತು, ಮತ್ತೆ ಬಂತು. ಹಿಂದೆಯೇ ಮೆಸೇಜ್, "ಕರೆಂಟ್ ಇದೆ, ಲೈನ್ ಇದೆ, ಸರ್ವರ್ ಇಲ್ಲ". ಎಡಗೈಯಲ್ಲಿ, ದೂರದಿಂದ ಮನೆಯ ಸಾಧನಗಳಿಗೆ ದಾರಿ ಕೊಡುವ ಟೇಲ್‌ಸ್ಕೇಲ್ ತೆಗೆದು ಕಾವಲು ಫೋನಿಗೆ ಹೋದೆ, ಅಲ್ಲಿಂದ ಸರ್ವರ್‌ಗೆ. ಹೇಗೋ ಒಳಗೆ ಬಿಟ್ಟಿತು. ಡಿಸ್ಕ್ ನೂರಕ್ಕೆ ನೂರು ತುಂಬಿತ್ತು, ಒಂದು ಕಂಟೇನರಿನ ಲಾಗ್ ಫೈಲ್ ಬೆಳೆದು ನಿಂತಿತ್ತು. ಖಾಲಿ ಮಾಡಿ ರೀಸ್ಟಾರ್ಟ್ ಕೊಟ್ಟೆ. ಅಷ್ಟರಲ್ಲಿ ಹೋಳಿಗೆ ಬಂತು. ಮಂಡಿಪೇಟೆಯಿಂದ ಫೋನ್ ಬರಲೇ ಇಲ್ಲ.

ದುಡ್ಡಿನ ಲೆಕ್ಕ. ದಂಡ ಆಗಿದ್ದು: ಡಾಂಗಲ್, ಕೆಲವು ತಿಂಗಳ ವಿಪಿಎಸ್, ಒಂದು ಬೇಡದ ಸೆನ್ಸರ್ ಸೇರಿ ಮೂರು ಸಾವಿರದ ಹತ್ತಿರ. ಉಪಯೋಗಕ್ಕೆ ಬಂದದ್ದು: ರೌಟರ್‌ನ ಪುಟ್ಟ ಯುಪಿಎಸ್ ಹದಿಮೂರು ನೂರು, ಟೈಮರ್ ಸಾಕೆಟ್ ನಾನೂರು, ನೋಡ್‌ಎಂಸಿಯು ಇನ್ನೂರೈವತ್ತು. ಫೋನ್ ಮನೆಯದೇ. ಎರಡು ಸಾವಿರದೊಳಗೆ ಮುಗಿಯಿತು. ತಿಂಗಳ ಖರ್ಚು ಅಂದರೆ ಸಿಮ್ ರೀಚಾರ್ಜ್ ಒಂದೇ. ಡೇಟಾ ಬೇಕಿಲ್ಲ, ಕಾಲ್ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಯಾಕ್ ಈಗ ಸಿಗುತ್ತದೆ, ಅದನ್ನೇ ಹಾಕಿಸುತ್ತೇನೆ. ತಿಂಗಳಿಗೆ ನೂರೈವತ್ತರ ಸುತ್ತ ಬೀಳುತ್ತದೆ. ಅಂಗಡಿಯವರೂ ಮಿಲ್‌ನವರೂ ಈ ಅಲರ್ಟ್‌ಗೆ ಅಂತಲೇ ತಿಂಗಳಿಗೆ ಇನ್ನೂರು ಜಾಸ್ತಿ ಮಾಡಿದ್ದಾರೆ. ಕೇಳಿದ್ದು ನಾನೇ, ಆದರೆ ಚೌಕಾಸಿ ಮಾಡದೆ ಕೊಟ್ಟರು.

ಇನ್ನು ಉಳಿದಿರುವುದು ಸಿಮ್ ವ್ಯಾಲಿಡಿಟಿ. ಪ್ಯಾಕ್ ಮುಗಿದರೆ ಕಾವಲು ಫೋನ್ ಮೂಕ ಆಗುತ್ತದೆ. ವೈಫೈ ಇರುವುದರಿಂದ ಹೆಲ್ತ್‌ಚೆಕ್ಸ್‌ಗೆ ಮಾತ್ರ "ಇದ್ದೇನೆ" ಅನ್ನುತ್ತಲೇ ಇರುತ್ತದೆ. ಅದಕ್ಕೆ ಪ್ರತಿ ಸೋಮವಾರ ಬೆಳಿಗ್ಗೆ ಎಂಟಕ್ಕೆ ಒಂದು ಪರೀಕ್ಷೆಯ ಎಸ್ಸೆಮ್ಮೆಸ್ ಕಳಿಸುವ ಹಾಗೆ ಮಾಡಿದ್ದೇನೆ. ಎಂಟೂಕಾಲಾದರೂ ಬರದಿದ್ದರೆ ಮೊದಲು ರೀಚಾರ್ಜ್ ನೋಡುತ್ತೇನೆ, ಆಮೇಲೆ ಫೋನ್.